ಒಣಗಿದ ಕಾಡಿನಲ್ಲಿ ಅಣಬೆ ಅರಸುವವರಿಗೆ

ಅಣಬೆಯೆಂದೊಡನೆ ನಮ್ಮವರ ಮನಸ್ಸು ಮುಂಗಾರಿನ ಕಡೆಗೆ ಹರಿಯುವುದು ಸಹಜವೇ ಆಗಿದೆ. ಆರಿದ್ರಾ ಮಳೆ ಹಿಡಿದು ಗುಡುಗು ಮೊಳಗಿದ ಮರುದಿನ ಹುತ್ತದ ಬದಿಯಲ್ಲಿ ತಲೆಯೆತ್ತುವ ಬಿಳಿಯ ಅಣಬೆ, ತುಳುನಾಡಿನ ಮುರಕಲ್ಲು ನೆಲವನ್ನು ಕೆದಕಿ ತೆಗೆಯುವ ಕಲ್ಲಣಬೆ, ಕೊಡಗಿನ ಮನೆಗಳಲ್ಲಿ ಮಳೆಗಾಲದ ಊಟಕ್ಕೆ ಕಳೆಕಟ್ಟುವ ಕುಮ್ಮು, ಇವೆಲ್ಲವೂ ನೀರನ್ನೇ ನಂಬಿದವಾದುದರಿಂದ, ಮಳೆ ನಿಂತು ತರಗೆಲೆ ಸದ್ದುಮಾಡತೊಡಗಿದ ಕಾಡಿನೊಳಕ್ಕೆ ಅಣಬೆ ಹುಡುಕಲು ಹೊರಟವರನ್ನು ಕಂಡರೆ ಮಲೆನಾಡಿನ ಹಿರಿಯರು ನಕ್ಕರೆ ಆಶ್ಚರ್ಯವಿಲ್ಲ.

ಆದರೆ ಪಟ್ಟಣವಾಸಿಗಳಿಗೂ ವಿದ್ಯಾರ್ಥಿಗಳಿಗೂ ಕಾಡು ಸುತ್ತುವ ಅನುಕೂಲ ಒದಗುವುದು ಬಹುಮಟ್ಟಿಗೆ ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಒಣ ತಿಂಗಳುಗಳಲ್ಲಿಯೇ. ಹತ್ತಾರು ಜನ ಕೂಡಿ ಅಣಬೆಯನ್ನರಸಿ ನಡೆಯುವ ಪದ್ಧತಿಗೆ ಪ್ರಸಿದ್ಧವಾದ ಮೇಲ್ಪಂಕ್ತಿಯನ್ನು ಹಾಕಿಕೊಟ್ಟುದು ಇಂಗ್ಲೆಂಡಿನ ಹೆರೆಫರ್ಡ್ ಪ್ರಾಂತದ ವುಲ್‌ಹೋಪ್ ನಿಸರ್ಗಾಸಕ್ತರ ಸಂಘ. 1868ರಲ್ಲಿ ಅವರು ಆರಂಭಿಸಿದ ಶರತ್ಕಾಲದ ಸಂಚಾರವು ಸಂಜೆ ಅಣಬೆಯ ಔತಣದಲ್ಲಿ ಮುಗಿಯುತ್ತಿತ್ತಂತೆ. ಶರತ್ಕಾಲದಲ್ಲಿ ನೆಲ ತೊಯ್ದಿರುವ ಆ ನಾಡಿನ ಕ್ರಮವನ್ನು ನಮ್ಮ ಒಣಹವೆಗೆ ಹಾಗೆಯೇ ತಂದುಕೊಂಡರೆ ಬರಿಗೈಯಲ್ಲಿ ಹಿಂದಿರುಗುವುದು ನಿಶ್ಚಯ. ನಮ್ಮಲ್ಲಿ ಒಣದಿನದ ಸಂಚಾರದ ಉದ್ದೇಶವೇ ಬೇರೆ. ಶಿಲೀಂಧ್ರವು ವರ್ಷವಿಡೀ ವಾಸಿಸುವ ನೆಲೆಗಳನ್ನು ಗುರುತಿಸಿಕೊಂಡು, ಮುಂಬರುವ ಮಳೆಗಾಲಕ್ಕೆ ಒಂದು ನಕಾಶೆಯನ್ನು ಸಿದ್ಧಪಡಿಸಿಕೊಳ್ಳುವುದೇ ಅದರ ಫಲ. ಈ ಮಾತನ್ನು ಹೊರಡುವ ಮೊದಲೇ ತಂಡದ ಎಲ್ಲರಿಗೂ ತಿಳಿಸಿದ್ದರೆ ಅಡುಗೆಯ ಆಸೆಯಿಂದ ಬಂದವರು ಮಧ್ಯಾಹ್ನದ ಹೊತ್ತಿಗೆ ಮುಖ ಸಣ್ಣದು ಮಾಡಿಕೊಳ್ಳುವ ಪ್ರಸಂಗ ಬಾರದು.

ಮಳೆ ಹೋದ ಮೇಲೆ ಅಣಬೆ ಎಲ್ಲಿರುತ್ತದೆ

ನಾವು ಕೊಡೆಯಾಕಾರದಲ್ಲಿ ಕಾಣುವ ಅಣಬೆಯು ಶಿಲೀಂಧ್ರದ ಫಲಭಾಗ ಮಾತ್ರ. ಮಾವಿನಹಣ್ಣಿಲ್ಲದ ತಿಂಗಳಲ್ಲಿ ಮಾವಿನಮರವೇ ಇಲ್ಲವೆಂದು ಯಾರೂ ಹೇಳುವುದಿಲ್ಲವಷ್ಟೆ. ಅದರ ನಿಜವಾದ ಶರೀರವು ಕೂದಲಿಗಿಂತ ಸೂಕ್ಷ್ಮವಾದ ಎಳೆಗಳ ಜಾಲವಾಗಿ ಮಣ್ಣಿನಲ್ಲಿ, ಕೊಳೆಯುವ ಮರದಲ್ಲಿ, ಜೀವಂತ ಬೇರುಗಳ ಸುತ್ತ ಹರಡಿಕೊಂಡಿರುತ್ತದೆ. ಮೃದುವಾದ ಅಣಬೆಯ ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ ಇರುವುದರಿಂದಲೂ, ಅದು ಒಂದೆರಡು ದಿನಗಳಲ್ಲಿ ಅರಳುವುದು ಬಹುಪಾಲು ನೀರನ್ನು ಹೀರಿ ಉಬ್ಬುವುದರಿಂದಲೇ ಆದುದರಿಂದಲೂ, ನೆಲ ಒಣಗಿದಾಗ ಈ ತಂತುಜಾಲವು ಫಲವನ್ನು ಎತ್ತುವ ಸಾಹಸಕ್ಕೆ ಕೈಹಾಕದೆ ಒಳಗೇ ಉಳಿದುಕೊಳ್ಳುತ್ತದೆ.

ಈ ಜಾಲವನ್ನು ಕಣ್ಣಾರೆ ಕಾಣುವುದು ಕಷ್ಟವೇನಲ್ಲ. ಉರುಳಿಬಿದ್ದು ನಾಲ್ಕಾರು ವರ್ಷ ಕಳೆದ ದಪ್ಪ ದಿಮ್ಮಿಯೊಂದರ ಸಡಿಲಾದ ತೊಗಟೆಯನ್ನು ಮೆಲ್ಲನೆ ಎತ್ತಿ ನೋಡಿದರೆ ಒಳಮೈಯಲ್ಲಿ ಬಿಳಿಯ ಎಳೆಗಳು ಬೀಸಣಿಗೆಯಾಕಾರದಲ್ಲಿ ಹಬ್ಬಿರುವುದು ಕಾಣಿಸೀತು. ಮರವು ಯಾವ ಬಗೆಯಲ್ಲಿ ಶಿಥಿಲವಾಗಿದೆಯೆಂಬುದನ್ನೂ ಅಲ್ಲಿಯೇ ಪರೀಕ್ಷಿಸಬಹುದು. ಮರ ಬೆಳ್ಳಗಾಗಿ, ನಾರುನಾರಾಗಿ ಬಿಡಿಸಿ ಬರುತ್ತಿದ್ದರೆ ಅಲ್ಲಿರುವ ಶಿಲೀಂಧ್ರವು ಮರಕ್ಕೆ ಬಿಗಿಯನ್ನು ಕೊಡುವ ಲಿಗ್ನಿನ್ ಎಂಬ ದ್ರವ್ಯವನ್ನೂ ಕರಗಿಸಬಲ್ಲುದೆಂದು ತಿಳಿಯಬೇಕು. ಕಂದಾಗಿ, ಉದ್ದಕ್ಕೂ ಅಡ್ಡಕ್ಕೂ ಬಿರಿದು ಚೌಕಚೌಕವಾಗಿ ಒಡೆಯುತ್ತಿದ್ದರೆ ಸೆಲ್ಯುಲೋಸ್ ಮಾತ್ರ ವ್ಯಯವಾಗಿ ಲಿಗ್ನಿನ್ ಬಹುಭಾಗ ಉಳಿದುಕೊಂಡಿದೆಯೆಂದು ಅರ್ಥ. ಮೇಲೆ ಒಂದು ಅಣಬೆಯೂ ಇಲ್ಲದ ದಿಮ್ಮಿಯಿಂದ ಇಷ್ಟು ವಿಷಯ ತಿಳಿದುಬರುವುದಾದರೆ ಒಣದಿನ ವ್ಯರ್ಥವಾಯಿತೆನ್ನಲು ಕಾರಣವಿಲ್ಲ.

ದಿಮ್ಮಿ ದಪ್ಪವಾದಷ್ಟೂ ಅದರೊಳಗಿನ ತೇವ ಹೆಚ್ಚುಕಾಲ ಉಳಿಯುತ್ತದೆ. ಆದುದರಿಂದ ಒಣಹವೆಯಲ್ಲಿ ಕಡ್ಡಿಕಸವಿರುವ ಬಯಲನ್ನು ಬಿಟ್ಟು, ಹಳ್ಳದ ದಂಡೆ, ಬಿಸಿಲು ಓರೆಯಾಗಿ ಬೀಳುವ ಉತ್ತರದಿಕ್ಕಿನ ಇಳಿಜಾರು, ಪಾಚಿ ಕಟ್ಟಿದ ಬಂಡೆಗಳ ಸಂದು, ಅಡಿಕೆ ತೋಟದ ಬಸಿಗಾಲುವೆಯ ಅಂಚು, ದೊಡ್ಡ ಮರ ಬಿದ್ದ ಎಡೆ, ಇವನ್ನು ಕ್ರಮವಾಗಿ ನೋಡುತ್ತ ಹೋಗುವುದು ಲೇಸು. ನವೆಂಬರ್ ತಿಂಗಳ ಇಬ್ಬನಿಯೂ ಸಹಾಯಕ್ಕೆ ಬರುತ್ತದೆ. ಬೆಳಗಿನ ಏಳರಿಂದ ಹತ್ತರವರೆಗೆ ಮರದ ಮೇಲಿನ ಅಣಬೆಗಳು ತುಸು ಮೆತ್ತಗಾಗಿ, ಬಣ್ಣವನ್ನು ಸ್ಪಷ್ಟವಾಗಿ ತೋರುತ್ತವೆ. ಹನ್ನೊಂದರ ಬಿಸಿಲಿಗೆ ಅವೇ ತೊಗಟೆಯೊಡನೆ ತೊಗಟೆಯಾಗಿ ಕಣ್ಣು ತಪ್ಪಿಸುತ್ತವೆ.

ಎಲ್ಲಿ ಹೋಗಬಹುದು, ಯಾರ ಅನುಮತಿ ಬೇಕು

ಕಾಡೆಂದಮಾತ್ರಕ್ಕೆ ಎಲ್ಲರಿಗೂ ಎಲ್ಲೆಲ್ಲಿಯೂ ಪ್ರವೇಶವಿದೆಯೆಂದು ಭಾವಿಸಬಾರದು. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಅಣಬೆಯನ್ನಿರಲಿ, ಒಣಗಿದ ಕಡ್ಡಿಯನ್ನೂ ತರುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಆಸ್ಪದವಿಲ್ಲ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯಿದೆ ಅನ್ವಯಿಸುವುದರಿಂದ ವಲಯ ಅರಣ್ಯಾಧಿಕಾರಿಯ ಲಿಖಿತ ಅನುಮತಿಯನ್ನು ಪಡೆದೇ ಹೊರಡತಕ್ಕದ್ದು. ಬೇಸಗೆಯಲ್ಲಿ ಬೆಂಕಿಯ ಭಯದಿಂದ ಇಲಾಖೆಯು ಚಾರಣವನ್ನೇ ನಿಲ್ಲಿಸುವುದುಂಟು.

ಹೊಸ ತಂಡಕ್ಕೆ ಪ್ರಶಸ್ತವಾದುದು ಪರಿಚಿತರ ಕಾಫಿ, ಏಲಕ್ಕಿ ಅಥವಾ ಅಡಿಕೆ ತೋಟ. ಹಳೆಯ ನೆರಳುಮರಗಳೂ ಬಿದ್ದ ದಿಮ್ಮಿಗಳೂ ಅಲ್ಲಿ ಧಾರಾಳವಾಗಿರುತ್ತವೆ. ದಾರಿ ತಪ್ಪುವ ಭಯವೂ ಕಡಮೆ. ಉತ್ತರ ಕನ್ನಡ ಮತ್ತು ಶಿವಮೊಗ್ಗದ ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಇವುಗಳ ಮೇಲಿನ ಹಕ್ಕುಗಳ ಸ್ವರೂಪ ಬೇರೆಬೇರೆಯಾಗಿರುವುದರಿಂದ, ಅನುಭೋಗದಲ್ಲಿರುವ ಮನೆಯವರನ್ನು ಕೇಳಿ, ಅವರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದೇ ಮರ್ಯಾದೆ. ದೇವರಕಾಡಿನಲ್ಲಿ ಎಲೆಯನ್ನೂ ಕೀಳದಿರುವುದು ಊರಿನ ನಡವಳಿಯಾದುದರಿಂದ ಅಲ್ಲಿ ಕಣ್ಣಿನಿಂದ ನೋಡಿ, ಚಿತ್ರ ತೆಗೆದು, ಕೈಮುಗಿದು ಬರಬೇಕು.

ತಂಡದ ಏರ್ಪಾಡು

ಹನ್ನೆರಡು ಜನಕ್ಕೆ ಮೀರಿದ ತಂಡ ನಡೆಯುತ್ತದೆಯೇ ಹೊರತು ನೋಡುವುದಿಲ್ಲ. ಮುಂದೆ ದಾರಿ ಬಲ್ಲ ಸ್ಥಳೀಯರೊಬ್ಬರು, ಹಿಂದೆ ಎಣಿಕೆ ಇಟ್ಟುಕೊಳ್ಳುವವರೊಬ್ಬರು, ನಡುವೆ ಮೂವರು ಮೂವರಾಗಿ ವಿಂಗಡಿಸಿಕೊಂಡ ಜನ, ಹೀಗಿದ್ದರೆ ಸಾಕು. ಪ್ರತಿ ಗುಂಪಿಗೂ ಒಂದೊಂದು ಕೆಲಸವನ್ನು ವಹಿಸುವುದು ಉತ್ತಮ. ಒಂದು ಗುಂಪು ಬಿದ್ದ ದಿಮ್ಮಿಗಳನ್ನೂ, ಮತ್ತೊಂದು ನಿಂತ ಮರಗಳ ಬುಡವನ್ನೂ, ಮೂರನೆಯದು ನೆಲವನ್ನೂ ಹುತ್ತಗಳನ್ನೂ ಮಾತ್ರ ಗಮನಿಸುತ್ತ ಹೋದರೆ, ಎಲ್ಲರೂ ಎಲ್ಲವನ್ನೂ ನೋಡಲು ಹೊರಟಾಗ ತಪ್ಪಿಹೋಗುವ ಸೂಕ್ಷ್ಮಗಳು ಕೈಗೆ ಸಿಕ್ಕುತ್ತವೆ. ಎರಡು ಕಿಲೋಮೀಟರಿನ ಸುತ್ತಿಗೆ ಮೂರು ಗಂಟೆಯ ಅವಕಾಶವಿರಲಿ.

ಪ್ರತಿಯೊಬ್ಬರಲ್ಲಿಯೂ ಸೀಟಿಯೊಂದಿರಬೇಕು, ಮೂರು ಸಲ ಊದಿದರೆ ಅಪಾಯವೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಉಳಿದಂತೆ ಅಗಲಬಾಯಿಯ ಬಿದಿರುಬುಟ್ಟಿ, ಹಳೆಯ ಕಾಗದದ ಪೊಟ್ಟಣಗಳು, ಚಿಕ್ಕ ಚಾಕು, ಹತ್ತುಪಟ್ಟು ಹಿಗ್ಗಿಸಿ ತೋರುವ ಕೈಮಸೂರ, ಅಳತೆಪಟ್ಟಿ, ಪೆನ್ಸಿಲು, ಟಿಪ್ಪಣಿ ಪುಸ್ತಕ, ಕುಡಿಯುವ ನೀರಲ್ಲದೆ ಬೇರೊಂದು ಸಣ್ಣ ಸೀಸೆಯಲ್ಲಿ ಅಣಬೆಗೆ ಚಿಮುಕಿಸಲು ನೀರು, ಇಷ್ಟು ಸಾಮಗ್ರಿ ಸಾಕಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಅಣಬೆ ಬೆವತು ಬೇಗನೆ ಕೊಳೆಯುವುದರಿಂದ ಅದನ್ನು ಮನೆಯಲ್ಲಿಯೇ ಬಿಟ್ಟುಬರುವುದು ಒಳ್ಳೆಯದು.

ಉಣುಗು, ಹಾವು ಮತ್ತು ಬೆಂಕಿ

ಮಳೆಗಾಲದ ಕಾಡಿನಲ್ಲಿ ಉಂಬಳದ ಕಾಟವಾದರೆ ಒಣಗಾಲದ ಕಾಡಿನಲ್ಲಿ ಉಣುಗಿನದು. ಎರಡನೆಯದು ಕಾಟವಷ್ಟೇ ಅಲ್ಲ, ಪ್ರಾಣಾಪಾಯಕ್ಕೂ ಕಾರಣವಾಗಬಲ್ಲುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯಪ್ರದೇಶದಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಮನುಷ್ಯರಿಗೆ ತಗಲುವುದು ಈ ಉಣುಗಿನ, ವಿಶೇಷವಾಗಿ ಅದರ ಎಳೆಯ ಮರಿಗಳ ಕಡಿತದಿಂದ. ಆ ಮರಿಗಳು ತರಗೆಲೆಯ ನಡುವೆ ಹೆಚ್ಚುವುದು ನವೆಂಬರ್ ಕಡೆಯಿಂದ ಮೇ ತಿಂಗಳವರೆಗೆ, ಅಂದರೆ ನಮ್ಮ ಸಂಚಾರದ ಕಾಲದಲ್ಲಿಯೇ. ಆದುದರಿಂದ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಡೆಗೆ ಹೊರಡುವವರು ದೀಪಾವಳಿ ಕಳೆದ ಮೊದಲ ವಾರಗಳನ್ನೇ ಆರಿಸಿಕೊಳ್ಳುವುದು ಕ್ಷೇಮ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಿಚಾರಿಸಿ, ಕಾಯಿಲೆಯ ಸುದ್ದಿಯಾಗಲಿ ಮಂಗ ಸತ್ತ ವರದಿಯಾಗಲಿ ಇದ್ದರೆ ಆ ಕಾಡನ್ನು ಆ ವರ್ಷ ಬಿಟ್ಟುಬಿಡಬೇಕು.

ಉದ್ದ ತೋಳಿನ ತಿಳಿಬಣ್ಣದ ಅಂಗಿ, ಷರಾಯಿಯ ಅಂಚನ್ನು ಒಳಗೆ ಸೇರಿಸಿದ ಕಾಲುಚೀಲ, ಆರೋಗ್ಯ ಇಲಾಖೆಯವರು ಹಂಚುವ ಡೇಪಾ ತೈಲದ ಲೇಪನ, ಇವು ಇರಲೇಬೇಕು. ತರಗೆಲೆಯ ಮೇಲೆ ಕುಳಿತು ಬುತ್ತಿ ಬಿಚ್ಚುವ ಸುಖವನ್ನು ಈ ಕಾಲದಲ್ಲಿ ತ್ಯಜಿಸಬೇಕು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂಬದಿಗಳನ್ನು ಪರೀಕ್ಷಿಸಿಕೊಳ್ಳಬೇಕು. ಮುಂದಿನ ಹತ್ತು ದಿನಗಳೊಳಗೆ ಹಠಾತ್ತಾಗಿ ಜೋರು ಜ್ವರ, ತಲೆನೋವು, ಮೈಕೈನೋವು ಕಾಣಿಸಿಕೊಂಡರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳತಕ್ಕದ್ದು.

ದಿಮ್ಮಿಯನ್ನು ಹೊರಳಿಸುವಾಗ ಅದರ ಆಚೆಯ ಅಂಚನ್ನು ಹಿಡಿದು ನಮ್ಮ ಕಡೆಗೆ ಮಗುಚಬೇಕು. ಅಡಿಯಲ್ಲಿ ಹಾವೋ ಚೇಳೋ ಇದ್ದ ಪಕ್ಷದಲ್ಲಿ ನಮಗೂ ಅದಕ್ಕೂ ನಡುವೆ ದಿಮ್ಮಿಯೇ ಅಡ್ಡವಾಗುತ್ತದೆ, ಅದಕ್ಕೆ ಆಚೆ ಓಡಲು ದಾರಿಯೂ ಇರುತ್ತದೆ. ನೋಡಿದ ಮೇಲೆ ದಿಮ್ಮಿಯನ್ನು ಮೊದಲಿದ್ದಂತೆಯೇ ಇಟ್ಟುಬರುವುದು ಕರ್ತವ್ಯ. ಬೀಡಿ, ಸಿಗರೇಟು, ಚಹಾ ಕಾಯಿಸುವ ಒಲೆ ಇವು ಯಾವುವೂ ತರಗೆಲೆಯ ಕಾಡಿನೊಳಕ್ಕೆ ಬರಕೂಡದು.

ಒಣಗಾಲದಲ್ಲಿ ಕಾಣಸಿಗುವವು

ಮೃದುವಾದ ಅಣಬೆಗಳು ಮರೆಯಾದ ಮೇಲೆ ಗಟ್ಟಿಮೈಯ ಜಾತಿಗಳು ಕಣ್ಣಿಗೆ ಬೀಳತೊಡಗುತ್ತವೆ. ಇವುಗಳಲ್ಲಿ ಮೊದಲು ಪರಿಚಯ ಮಾಡಿಕೊಳ್ಳತಕ್ಕದ್ದು ಶೈಜೋಫಿಲಮ್ ಕಮ್ಯೂನ್ ಎಂಬ ಹೆಸರಿನ ಸಣ್ಣ ಅಣಬೆ. ಒಣ ಕೊಂಬೆಯ ಮೇಲೆ ಸಾಲುಗಟ್ಟಿ ಕುಳಿತ, ಒಂದರಿಂದ ನಾಲ್ಕು ಸೆಂಟಿಮೀಟರಷ್ಟು ಅಗಲದ, ಬೂದು ಬಿಳುಪಿನ ರೋಮಗಳಿಂದ ಕೂಡಿದ ಇದರ ಬೀಸಣಿಗೆಗಳನ್ನು ಎಲ್ಲರೂ ಕಂಡಿರುತ್ತಾರಾದರೂ ಮಗುಚಿ ನೋಡಿದವರು ವಿರಳ. ಕೈಮಸೂರವನ್ನು ಹಿಡಿದು ಅಡಿಭಾಗವನ್ನು ನೋಡಿದರೆ ಪ್ರತಿಯೊಂದು ಹಾಳೆಯೂ ಉದ್ದಕ್ಕೆ ಎರಡಾಗಿ ಸೀಳಿ, ಸೀಳಿದ ಅಂಚುಗಳು ಹೊರಕ್ಕೆ ಸುರುಳಿಕೊಂಡು, ಬೀಜಾಣುಗಳು ಹುಟ್ಟುವ ಮೈಯನ್ನು ಒಳಗೆ ಮುಚ್ಚಿಕೊಂಡಿರುವುದು ಕಾಣುತ್ತದೆ. ಆ ಕೊಂಬೆಯ ತುಂಡಿಗೆ ಸೀಸೆಯ ನೀರನ್ನು ಚಿಮುಕಿಸಿ ಒದ್ದೆಬಟ್ಟೆಯಲ್ಲಿ ಸುತ್ತಿಟ್ಟರೆ ಸಂಚಾರ ಮುಗಿಯುವಷ್ಟರಲ್ಲಿ ಸುರುಳಿ ಬಿಚ್ಚತೊಡಗುತ್ತದೆ. ಕೆನಡಾ ದೇಶದಲ್ಲಿ ನೆಲೆಸಿದ್ದ ಬುಲ್ಲರ್ ಎಂಬ ಶಿಲೀಂಧ್ರಶಾಸ್ತ್ರಜ್ಞರು ಗಾಳಿ ತೆಗೆದ ಗಾಜಿನ ಕೊಳವೆಗಳಲ್ಲಿ ಒಣಗಿಸಿ ಮುಚ್ಚಿಟ್ಟ ಇದೇ ಜಾತಿಯ ಅಣಬೆಗಳು ಮೂರು ದಶಕಗಳಿಗೂ ಮಿಕ್ಕು ಕಾಲ ಕಳೆದ ಮೇಲೆ ನೀರು ಕಂಡು ಮತ್ತೆ ಅರಳಿದುವು. ಒಣಗುವುದು ಎಲ್ಲ ಅಣಬೆಗೂ ಮರಣವಲ್ಲವೆಂಬುದನ್ನು ಮಕ್ಕಳಿಗೆ ಮನಗಾಣಿಸಲು ಇದಕ್ಕಿಂತ ಸುಲಭವಾದ ಪ್ರಯೋಗ ದೊರೆಯದು.

ಎರಡನೆಯದು ಕರಾವಳಿಯವರ ಕಲ್ಲಣಬೆ, ತುಳುವಿನಲ್ಲಿ ಕಲ್ಲಳಂಬು. ಶಾಸ್ತ್ರದಲ್ಲಿ ಅಸ್ಟ್ರೇಯಸ್ ಎನಿಸಿಕೊಳ್ಳುವ ಇದು ಮೊದಲ ಮಳೆಗೆ ಮುರಕಲ್ಲು ನೆಲದಲ್ಲಿ ಗೋಲಿಯ ಗಾತ್ರದ ಗುಂಡಾಗಿ ಹುಟ್ಟುತ್ತದೆ. ಧೂಪದ ಜಾತಿಯ ಮರಗಳ ಬೇರಿನೊಡನೆ ಸಹಬಾಳ್ವೆ ನಡೆಸುವುದು ಇದರ ಸ್ವಭಾವ. ಅದೇ ಕುಟುಂಬಕ್ಕೆ ಸೇರಿದ ಸಾಲವೃಕ್ಷದ ಕಾಡುಗಳಿರುವ ಜಾರ್ಖಂಡ, ಛತ್ತೀಸಗಢಗಳಲ್ಲಿಯೂ ಮಳೆ ಹಿಡಿದೊಡನೆ ಇದರ ಬಂಧುಗಳು ಸಂತೆಗೆ ಬರುತ್ತವೆ. ಒಳಗೆ ಬೆಳ್ಳಗಿರುವವರೆಗೆ ಮಾತ್ರ ಅಡುಗೆಗೆ ಯೋಗ್ಯ. ಕಪ್ಪಾದ ಮೇಲೆ ಯಾರೂ ಮುಟ್ಟುವುದಿಲ್ಲ. ಹೀಗೆ ಉಳಿದು ಮಾಗಿದವುಗಳ ಹೊರಸಿಪ್ಪೆ ನಕ್ಷತ್ರಾಕಾರವಾಗಿ ಸೀಳಿ, ಚರ್ಮದಂತೆ ಗಟ್ಟಿಯಾಗಿ ತಿಂಗಳುಗಟ್ಟಲೆ ನೆಲದ ಮೇಲೆ ಬಿದ್ದಿರುತ್ತದೆ. ಗಾಳಿ ಒಣಗಿದಾಗ ಅದರ ಎಸಳುಗಳು ಒಳಗಿನ ಗುಂಡನ್ನು ಅಪ್ಪಿ ಮುಚ್ಚಿಕೊಳ್ಳುತ್ತವೆ, ನೀರು ತಗಲಿದಾಗ ಹೊರಕ್ಕೆ ಬಾಗಿ ತೆರೆದುಕೊಳ್ಳುತ್ತವೆ. ಒಣದಿನದಲ್ಲಿ ಮುದುಡಿದ ನಾಲ್ಕಾರು ನಕ್ಷತ್ರಗಳು ಕಂಡ ಜಾಗವನ್ನು ಟಿಪ್ಪಣಿ ಪುಸ್ತಕದಲ್ಲಿ ಗುರುತುಹಾಕಿಕೊಂಡವನಿಗೆ ಜೂನ್ ತಿಂಗಳಲ್ಲಿ ಎಲ್ಲಿ ಕೆದಕಬೇಕೆಂಬ ಪ್ರಶ್ನೆ ಅರ್ಧ ಬಗೆಹರಿದಂತೆಯೇ.

ಹುತ್ತಗಳದು ಇದೇ ಬಗೆಯ ಲೆಕ್ಕ. ಮಲೆನಾಡಿನಲ್ಲಿ ಅತ್ಯಂತ ರುಚಿಕರವೆಂದು ಹೆಸರಾದ ಅಣಬೆಗಳು ಟರ್ಮಿಟೋಮೈಸಿಸ್ ಎಂಬ ಕುಲಕ್ಕೆ ಸೇರಿದವು. ಗೆದ್ದಲುಗಳು ತಮ್ಮ ಗೂಡಿನಲ್ಲಿ ಎಲೆ ಕಡ್ಡಿಗಳ ಪುಡಿಯಿಂದ ಕಟ್ಟಿದ ರಂಧ್ರಮಯವಾದ ಗಡ್ಡೆಗಳ ಮೇಲೆ ಇವನ್ನು ಸಾಕಿಕೊಂಡಿರುತ್ತವೆ. ಫ್ರಾನ್ಸಿನ ರೋಜೆ ಹೈಮ್ ಈ ಕುಲಕ್ಕೆ ಹೆಸರಿಟ್ಟುದು 1942ರಲ್ಲಿ. ಮನುಷ್ಯರು ಬತ್ತದ ಹುಲ್ಲಿನ ಮೇಲೆ ಚಿಪ್ಪಣಬೆಯನ್ನು ಬೆಳೆಯುವಷ್ಟು ಸುಲಭವಾಗಿ ಇದನ್ನು ಬೆಳೆಯಲು ಇಂದಿಗೂ ಸಾಧ್ಯವಾಗದಿರುವುದರಿಂದ ಹುತ್ತವನ್ನು ಒಡೆಯುವುದೆಂದರೆ ಫಲದಾಸೆಗೆ ತೋಟವನ್ನೇ ಕಿತ್ತಂತೆ. ಒಣಗಾಲದಲ್ಲಿ ಗೆದ್ದಲು ಹಸಿಮಣ್ಣಿನಿಂದ ಹೊಸದಾಗಿ ಮೆತ್ತಿದ ಗುರುತು ಯಾವ ಹುತ್ತದ ಮೇಲಿದೆ, ಯಾವುದು ಪಾಳುಬಿದ್ದಿದೆ ಎಂಬುದನ್ನು ನೋಡಿ, ಜೀವಂತವಾದವನ್ನು ಮಾತ್ರ ಬರೆದುಕೊಳ್ಳಬೇಕು. ಅಲ್ಲಿ ಹಿಂದಿನ ವರ್ಷ ಅಣಬೆ ಎದ್ದಿತ್ತೇ ಎಂಬುದನ್ನು ಊರಿನ ಅಜ್ಜಿಯರನ್ನು ಕೇಳಿದರೆ ಮಳೆಯ ನಕ್ಷತ್ರದ ಸಮೇತ ಉತ್ತರ ಸಿಕ್ಕುತ್ತದೆ.

ಮರದ ಮೇಲೆ ಕಾಣುವವು ಇನ್ನೂ ಹಲವು. ಹಳದಿ ಪಾದದ ಮೇಲೆ ತೆಳುವಾದ ಕಂದು ಆಲಿಕೆಯಾಗಿ ನಿಂತ ಮೈಕ್ರೋಪೋರಸ್, ಬಿಸಿಲು ಬೀಳುವ ಒಣ ಕೊಂಬೆಯನ್ನೇ ಆರಿಸಿಕೊಳ್ಳುವ ಕುಂಕುಮಗೆಂಪಿನ ಪಿಕ್ನೋಪೋರಸ್, ಅಡಿಯಲ್ಲಿ ಷಟ್ಕೋನದ ದೊಡ್ಡ ರಂಧ್ರಗಳಿರುವ ಹೆಕ್ಸಗೋನಿಯ, ಇವು ಪ್ರತಿ ಸಂಚಾರದಲ್ಲಿಯೂ ಸಿಕ್ಕುವ ಸಂಭವವಿದೆ. ಇದ್ದಿಲಿನ ಉಂಡೆಯೆಂದು ಭ್ರಮೆಗೊಳಿಸುವ ಡಾಲ್ಡೀನಿಯವನ್ನು ಕೊಯ್ದರೆ ಒಳಗೆ ವೃತ್ತದೊಳಗೆ ವೃತ್ತವಾಗಿ ಬೂದು ಕಪ್ಪು ಪದರಗಳು ಕಾಣುತ್ತವೆ. ತನ್ನೊಳಗೇ ನೀರನ್ನು ಕೂಡಿಟ್ಟುಕೊಂಡಿರುವ ಈ ಶಿಲೀಂಧ್ರವು, ಕಿತ್ತು ಒಣಜಾಗದಲ್ಲಿಟ್ಟ ಮೇಲೆಯೂ ವಾರಗಟ್ಟಲೆ ಪ್ರತಿ ರಾತ್ರಿ ಬೀಜಾಣುಗಳನ್ನು ಚಿಮ್ಮುತ್ತಲೇ ಇರುತ್ತದೆ; ಬಿಳಿಯ ಕಾಗದದ ಮೇಲಿಟ್ಟವರಿಗೆ ಬೆಳಗ್ಗೆ ಸುತ್ತಲೂ ಮಸಿ ಚೆಲ್ಲಿರುವುದು ಕಾಣುತ್ತದೆ.

ತೋಟದವರು ವಿಶೇಷವಾಗಿ ಗುರುತಿಸಬೇಕಾದುದು ಗ್ಯಾನೊಡರ್ಮ. ಅರಗಿನ ಹೊಳಪಿನ ಕೆಂಗಂದು ಫಲಕವಾಗಿ ಮರದ ಬುಡದಲ್ಲಿ ಚಾಚಿಕೊಳ್ಳುವ ಇದರ ಕೆಳಗೂ ಸುತ್ತಲಿನ ಎಲೆಗಳ ಮೇಲೂ ಕಂದುಪುಡಿ ಬಿದ್ದಿದ್ದರೆ ಅದು ಅದರ ಬೀಜಾಣುರಾಶಿ. ಅಡಿಕೆ ಮರಕ್ಕೆ ಅಣಬೆ ರೋಗವನ್ನು ತರುವುದು ಇದೇ. ಬುಡದಲ್ಲಿ ಫಲಕ ಕಾಣಿಸಿಕೊಳ್ಳುವ ವೇಳೆಗೆ ಆ ಮರ ಕೈಮೀರಿರುವುದರಿಂದ, ಬುಡಸಹಿತ ತೆಗೆದು ಸುಟ್ಟು, ಪಕ್ಕದ ಮರಗಳಿಗೆ ಬೇರಿನ ಮೂಲಕ ಹಬ್ಬದಂತೆ ನಡುವೆ ಕಾಲುವೆ ತೋಡಿಸುವುದು ರೂಢಿ. ಅತಿಥಿಗಳಾಗಿ ಹೋದ ತಂಡವು ಇಂತಹ ಮರವೊಂದನ್ನು ಗುರುತಿಸಿ ತೋಟದ ಯಜಮಾನರಿಗೆ ತಿಳಿಸಿದರೆ ಅವರ ಆತಿಥ್ಯಕ್ಕೆ ಪ್ರತಿಯಾಗಿ ಏನನ್ನಾದರೂ ಕೊಟ್ಟಂತಾಗುತ್ತದೆ.

ಕೀಳುವ ಮತ್ತು ಬರೆಯುವ ಕ್ರಮ

ಕಂಡದ್ದನ್ನೆಲ್ಲ ಕೀಳುವ ಅಗತ್ಯವಿಲ್ಲ. ಒಂದು ಜಾತಿಯದು ಒಂದೆರಡು ಮಾದರಿ ತಂಡಕ್ಕೆಲ್ಲ ಸಾಕು. ಒಂದೇ ಒಂದು ಇದ್ದರೆ ಅದನ್ನು ಅಲ್ಲಿಯೇ ಬಿಡಬೇಕು. ಕೀಳುವ ಮೊದಲು ಮೇಲಿನಿಂದ, ಪಕ್ಕದಿಂದ, ಅಡಿಯಿಂದ ಹೀಗೆ ಮೂರು ಚಿತ್ರಗಳನ್ನು, ಗಾತ್ರ ತಿಳಿಯುವಂತೆ ಪಕ್ಕದಲ್ಲೊಂದು ನಾಣ್ಯವಿಟ್ಟು ತೆಗೆಯಬೇಕು. ನೆಲದ ಮೇಲಿನ ಅಣಬೆಯಾದರೆ ಕಾಂಡವನ್ನು ಕತ್ತರಿಸದೆ ಬುಡವನ್ನು ಚಾಕುವಿನಿಂದ ಮೀಟಿ ಇಡಿಯಾಗಿ ಎತ್ತತಕ್ಕದ್ದು. ಮಾರಕವಾದ ಅಮನೀಟ ಜಾತಿಗಳ ಮುಖ್ಯ ಲಕ್ಷಣವಾದ ಬುಡದ ಚೀಲವು ಮಣ್ಣಿನೊಳಗೇ ಅಡಗಿರುವುದರಿಂದ, ಕತ್ತರಿಸಿ ತಂದವನು ತನಗೆ ಎಚ್ಚರಿಕೆ ಕೊಡಬಹುದಾಗಿದ್ದ ಗುರುತನ್ನೇ ಕಾಡಿನಲ್ಲಿ ಬಿಟ್ಟುಬಂದಂತಾಗುತ್ತದೆ.

ಪ್ರತಿ ಮಾದರಿಗೂ ಒಂದು ಸಂಖ್ಯೆ, ದಿನಾಂಕ, ಜಾಗ, ಯಾವ ಮರದ ಮೇಲೆ ಅಥವಾ ಯಾವ ಮರದ ಕೆಳಗೆ ಎಂಬ ವಿವರ, ವಾಸನೆ, ಕೈ ಒತ್ತಿದಾಗ ಬಣ್ಣ ತಿರುಗಿತೇ ಎಂಬ ಸಂಗತಿ, ಇವನ್ನು ಅಲ್ಲಿಯೇ ಬರೆಯಬೇಕು. ಮರದ ಹೆಸರು ತಿಳಿಯದಿದ್ದರೆ ಬಿದ್ದ ಎಲೆಯೊಂದನ್ನು ಪೊಟ್ಟಣದೊಳಗೆ ಹಾಕಿಕೊಂಡರೆ ಆಮೇಲೆ ಬಲ್ಲವರನ್ನು ಕೇಳಬಹುದು. ಸಂಚಾರದ ಕೊನೆಗೆ ಜಗಲಿಯ ಮೇಲೆ ಚಾಪೆ ಹಾಸಿ ಎಲ್ಲ ಮಾದರಿಗಳನ್ನೂ ದಿಮ್ಮಿಯವು, ಬುಡದವು, ನೆಲದವು ಎಂದು ಮೂರು ಸಾಲಾಗಿ ಜೋಡಿಸಿ, ಕಂಡವರೇ ಕಂಡ ಜಾಗವನ್ನು ವಿವರಿಸುವಂತೆ ಮಾಡಿದರೆ ಮೂರು ಗಂಟೆಯಲ್ಲಿ ಒಬ್ಬೊಬ್ಬರು ನೋಡಿದ್ದು ಹನ್ನೆರಡು ಜನರ ಸ್ವತ್ತಾಗುತ್ತದೆ.

ಹಾಳೆಯುಳ್ಳ ಅಣಬೆ ತಾಜಾ ಸ್ಥಿತಿಯಲ್ಲಿ ಸಿಕ್ಕಿದರೆ ಅದರ ಬೀಜಾಣುಮುದ್ರೆಯನ್ನು ತೆಗೆಯಬಹುದು. ಕಾಂಡವನ್ನು ಬಿಡಿಸಿ, ಟೊಪ್ಪಿಗೆಯನ್ನು ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಬೋರಲಾಗಿಟ್ಟು, ಮೇಲೊಂದು ಬಟ್ಟಲನ್ನು ಕವುಚಿ, ರಾತ್ರಿಯೆಲ್ಲ ಬಿಟ್ಟರೆ ಬೆಳಗ್ಗೆ ಬೀಜಾಣುಗಳ ಬಣ್ಣ ಮೂಡಿರುತ್ತದೆ. ಹುತ್ತದ ಅಣಬೆಗೆ ನಸುಗೆಂಪು, ಅಮನೀಟಕ್ಕೆ ಬಿಳಿ, ಹುಲ್ಲುಹಾಸಿನಲ್ಲಿ ಬೆಳೆದು ಅನೇಕರನ್ನು ವಾಂತಿಭೇದಿಗೆ ಗುರಿಮಾಡುವ ಕ್ಲೋರೋಫಿಲಮ್ ಮೊಲಿಬ್ಡೈಟೀಸ್ ಎಂಬುದಕ್ಕೆ ಹಸುರು. ಒಣಗಿ ಮುದುಡಿದ ಟೊಪ್ಪಿಗೆಯಿಂದ ಮುದ್ರೆ ಬೀಳುವುದು ಅಪೂರ್ವ.

ತಿನ್ನುವ ಮಾತು

ಒಣಗಾಲದ ಸಂಚಾರದಲ್ಲಿ ಸಿಕ್ಕಿದ ಮೃದುವಾದ ಅಣಬೆಯನ್ನು ತಿನ್ನಕೂಡದೆಂಬುದು ಈ ಲೇಖನದ ನಿಷ್ಠುರವಾದ ಸಲಹೆ. ಬಿಸಿಲಿಗೆ ಟೊಪ್ಪಿಗೆಯ ಬಣ್ಣ ಮಾಸುತ್ತದೆ, ಚಿಪ್ಪುಗಳು ಉದುರುತ್ತವೆ, ಕಾಂಡದ ಉಂಗುರ ಕಳಚಿಬೀಳುತ್ತದೆ, ಬುಡದ ಚೀಲ ಒಣಗಿ ಮಣ್ಣಿನೊಡನೆ ಒಂದಾಗುತ್ತದೆ. ಮಳೆಗಾಲದಲ್ಲಿ ನಿಸ್ಸಂದೇಹವಾಗಿ ಗುರುತಿಸಬಲ್ಲವರಿಗೂ ಆಗ ಗುರುತು ಹಿಡಿಯುವ ಆಧಾರ ಉಳಿಯುವುದಿಲ್ಲ. ಅಲ್ಲದೆ ಬಾಡಿನಿಂತ ಅಣಬೆ ಎಷ್ಟು ದಿನದ್ದೋ; ತಿನ್ನಲು ಯೋಗ್ಯವಾದ ಜಾತಿಯೇ ಆದರೂ ಕೊಳೆತ ಮೇಲೆ ಹೊಟ್ಟೆ ಕೆಡಿಸದೆ ಬಿಡದು.

ಅಣಬೆಯೊಡನೆ ಬೆಳ್ಳಿಯ ನಾಣ್ಯವನ್ನು, ಅರಿಸಿನವನ್ನು, ಬೆಳ್ಳುಳ್ಳಿಯನ್ನು ಹಾಕಿ ಬೇಯಿಸಿ ಬಣ್ಣ ಕಪ್ಪಾಗದಿದ್ದರೆ ನಿರ್ವಿಷವೆಂದು ನಂಬುವ ವಾಡಿಕೆ ಹಲವು ಕಡೆಗಳಲ್ಲಿದೆ. ಹುಳು ತಿಂದ ಅಣಬೆ ಮನುಷ್ಯನಿಗೂ ಕ್ಷೇಮವೆಂಬ ಮಾತೂ ಕೇಳಿಬರುತ್ತದೆ. ಇವುಗಳಲ್ಲಿ ಒಂದೂ ನಂಬಲರ್ಹವಲ್ಲ. ಅಮನೀಟದ ವಿಷವು ಬೇಯಿಸಿದರೂ ಒಣಗಿಸಿದರೂ ನಾಶವಾಗುವುದಿಲ್ಲ. ತಿಂದವನಿಗೆ ರುಚಿಯಲ್ಲಿ ಅನುಮಾನ ಬರುವುದಿಲ್ಲ. ವಾಂತಿಭೇದಿ ಆರಂಭವಾಗುವುದು ಸಾಮಾನ್ಯವಾಗಿ ಆರು ಗಂಟೆಗಳ ತರುವಾಯ. ನಡುವೆ ಒಂದು ದಿನ ವಾಸಿಯಾದಂತೆ ತೋರಿ, ಬಳಿಕ ಯಕೃತ್ತು ಕೆಡುತ್ತದೆ. ಅಣಬೆಯ ಊಟವಾಗಿ ಬಹಳ ಹೊತ್ತಿನ ಮೇಲೆ ಹೊಟ್ಟೆ ಕೆಟ್ಟರೆ ಹೆಚ್ಚು ಭಯಪಡಬೇಕೆಂಬುದನ್ನು ನೆನಪಿನಲ್ಲಿಟ್ಟುಕೊಂಡು, 108ಕ್ಕೆ ಕರೆಮಾಡಿ, ಉಳಿದ ಅಣಬೆಯನ್ನೂ ಪದಾರ್ಥವನ್ನೂ ಕಟ್ಟಿಕೊಂಡು ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಫೋನಿನ ಆ್ಯಪ್ ಕೊಡುವ ಹೆಸರು ಹುಡುಕಾಟಕ್ಕೆ ಒಂದು ಸುಳಿವಾಗಬಹುದು. ಅದನ್ನು ನಂಬಿ ಒಲೆ ಹಚ್ಚಕೂಡದು.

ಅಣಬೆಯ ಊಟವಿಲ್ಲದೆ ಸಂಚಾರ ಸಂಪೂರ್ಣವಾಗದೆನ್ನುವವರು ಪೇಟೆಯ ಚಿಪ್ಪಣಬೆಯನ್ನು ತಂದು ಬೇಯಿಸಬಹುದು. ತಾವೇ ಬೆಳೆಯಬೇಕೆಂಬ ಆಸಕ್ತಿಯುಳ್ಳವರಿಗೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆಯ ಬಿತ್ತನೆಯೂ ತರಬೇತಿಯೂ ದೊರೆಯುತ್ತವೆ.

ಮಳೆ ಬಂದ ಮೇಲೆ

ಸಂಚಾರದ ಮರುದಿನವೇ ಟಿಪ್ಪಣಿಗಳನ್ನು ಒಟ್ಟುಗೂಡಿಸಿ, ದಾರಿಯ ಒಂದು ನಕಾಶೆಯನ್ನು ಬರೆದು, ಜೀವಂತ ಹುತ್ತ, ದಪ್ಪ ದಿಮ್ಮಿ, ಕಲ್ಲಣಬೆಯ ಹಳೆಯ ನಕ್ಷತ್ರ ಇವು ಒಂದೊಂದಕ್ಕೂ ಬೇರೆ ಬೇರೆ ಚಿಹ್ನೆ ಹಾಕಿ, ತಂಡದ ಪ್ರತಿಯೊಬ್ಬರಿಗೂ ಒಂದು ಪ್ರತಿಯನ್ನು ಹಂಚಬೇಕು. ಊರಿನವರು ಸಂತೆಗಾಗಿ ಕಾಯ್ದುಕೊಂಡು ಬಂದ ಜಾಗಗಳನ್ನು ಮಾತ್ರ ಆ ನಕಾಶೆಯಲ್ಲಿ ಸೇರಿಸದಿರುವುದು ನ್ಯಾಯ, ಏಕೆಂದರೆ ನಮಗೆ ವಿನೋದವಾದುದು ಅವರಿಗೆ ಮಳೆಗಾಲದ ನಾಲ್ಕು ಕಾಸಿನ ಆದಾಯ. ಮುಂದೆ ಮೃಗಶಿರಾ ಮಳೆ ಒಂದು ವಾರ ಹೊಯ್ದ ಬಳಿಕ ಅದೇ ತಂಡ, ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ನಡೆದು ಕಲ್ಲಣಬೆಯ ಗುರುತುಗಳನ್ನೂ, ಆರಿದ್ರಾ ಪುನರ್ವಸುಗಳಲ್ಲಿ ಹುತ್ತಗಳನ್ನೂ, ಆಶ್ಲೇಷಾದ ಹೊತ್ತಿಗೆ ದಿಮ್ಮಿಗಳನ್ನೂ ಮರಳಿ ನೋಡತಕ್ಕದ್ದು. ಯಾವ ಗುರುತು ಫಲಿಸಿತು, ಯಾವುದು ಸುಳ್ಳಾಯಿತು ಎಂಬುದನ್ನು ಹಳೆಯ ಟಿಪ್ಪಣಿಯ ಎದುರಿನ ಪುಟದಲ್ಲಿಯೇ ಬರೆಯುತ್ತ ಎರಡು ಮೂರು ವರ್ಷ ಕಳೆದರೆ, ಆ ತಂಡದ ಕೈಯಲ್ಲಿ ಆ ಒಂದು ಕಾಡಿನ ಮಟ್ಟಿಗೆ ಯಾವ ಪುಸ್ತಕದಲ್ಲಿಯೂ ದೊರೆಯದ ತಿಳಿವಳಿಕೆ ಸಂಗ್ರಹವಾಗಿರುತ್ತದೆ. ಊರಿನ ಶಾಲೆಗೆ ಅದರ ಒಂದು ಪ್ರತಿಯನ್ನು ಕೊಟ್ಟರೆ ಮುಂದಿನ ತಂಡಕ್ಕೆ ದಾರಿ ತೋರುವವರು ಆ ಶಾಲೆಯ ಮಕ್ಕಳೇ ಆದಾರು.